ಕ್ಲಚ್ ಮೇಷ್ಟ್ರ ಮನೆಗೆ ಬಂದ ಕಾರು

ಅವರ ನಿಜವಾದ ಹೆಸರು ಕೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಕ್ಲಚ್ ಮೇಷ್ಟ್ರು ಅಂದರೆ ಸಾಕು, ಮನೆ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಮೂವತ್ನಾಲ್ಕು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲಡಿಗೆ ಹಾಕಿಸಿಕೊಂಡ ಇನ್ನೊಂದು ಜೊತೆ ಕ್ಲಚ್ಚು, ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಅರ್ಧ ಊರಿಗೆ ಗಾಡಿ ಕಲಿಸಿದ್ದಾರೆ. ಹೆಂಡತಿಗೆ ಮಾತ್ರ ಕಲಿಸಲಿಲ್ಲ.

ಅರವತ್ತೆಂಟಕ್ಕೆ ಸ್ಕೂಲ್ ಮುಚ್ಚಿದರು. ಬೆನ್ನು ನೋವು ಅಂತ ಎಲ್ಲರಿಗೂ ಹೇಳಿದರು. ಅದಾಗಿ ಒಂದು ವರ್ಷಕ್ಕೆ ಮನೆಗೊಂದು ಕಾರು ತಗೊಳ್ಳುವ ಮಾತು ಬಂತು.

ಹೆಂಡತಿ ಹೊಲಿಗೆಯವರು. ನಲವತ್ತು ವರ್ಷ ಮೆಷಿನ್ ತುಳಿದು ಮೊಣಕಾಲು ಸವೆದಿತ್ತು. ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಮೂರು ಗಂಟೆ ದಾರಿಯಾಚೆ ಹಾಸಿಗೆ ಹಿಡಿದಿದ್ದ ತಮ್ಮ ಅಕ್ಕನನ್ನು ನೋಡಿ ಎರಡು ವರ್ಷವಾಗಿತ್ತು. ಕಾರು ಬೇಕಾಗಿದ್ದು ಅಕ್ಕನ ಪಕ್ಕ ಒಂದಿಷ್ಟು ಹೊತ್ತು ಕೂತು ಬರುವುದಕ್ಕೆ.

ಮೂರು ಶೋರೂಮ್ ಸುತ್ತಿದರು. ಮೇಷ್ಟ್ರು ಹೆಂಡತಿಯ ಅಳತೆ ಟೇಪನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ನೆಲದಿಂದ ಸೀಟಿನ ಎತ್ತರ ಅಳೆದರು. ಸಣ್ಣ ಕಾರಾದರೆ ಕುಸಿದು ಕೂರಬೇಕು, ದೊಡ್ಡ ಗಾಡಿಗಾದರೆ ಏರಬೇಕು. ಸೇಲ್ಸ್‌ನವನು ಚಾವಣಿ ತೆರೆಯುವ ಗುಂಡಿ ತೋರಿಸಲು ಹೋದಾಗ ಆಕೆ, "ನಾನು ಮೇಲಿಂದ ಇಳಿಯೋಳಲ್ಲಪ್ಪ, ಬಾಗಿಲು ತೋರಿಸು" ಅಂದರು.

ಮೂರನೆಯ ಕಡೆ ಒಂದು ಚಿಕ್ಕ ಎಸ್‌ಯುವಿ ಸಿಕ್ಕಿತು. ಪೆಟ್ರೋಲ್ ಕಡಿಮೆ ಕುಡಿಯುವಂಥದ್ದು, ಸೀಟು ಸರಿಯಾಗಿ ಸೊಂಟದ ಮಟ್ಟಕ್ಕೆ. ಆಕೆ ಏನನ್ನೂ ಹಿಡಿದುಕೊಳ್ಳದೆ ಎರಡು ಸಲ ಕೂತು ಎದ್ದರು, ಮೂರನೆಯ ಸಲ ಸುಮ್ಮನೆ ಖುಷಿಗೆ ಕೂತರು.

ಓಡಿಸಿ ನೋಡಲು ಹೊರಟಾಗ ಸ್ಟೇರಿಂಗ್ ಮೇಷ್ಟ್ರ ಕೈಯಲ್ಲಿತ್ತು. ಎರಡನೇ ತಿರುವಿನಲ್ಲಿ ಪಕ್ಕದಿಂದ ಬಂದ ಸೈಕಲ್ಲಿನವನು ಅವರಿಗೆ ಕಾಣಲೇ ಇಲ್ಲ. ಹೆಂಡತಿ ತೋಳು ಹಿಡಿದು ಜಗ್ಗಿದ ಮೇಲೆ ಬ್ರೇಕ್ ಬಿತ್ತು. ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ಹೋದ. ಮೇಷ್ಟ್ರು ಗಾಡಿ ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗ್ ನೋಡುತ್ತಲೇ ನಿಜ ಹೇಳಿದರು. ಸ್ಕೂಲ್ ಮುಚ್ಚಿದ್ದು ಬೆನ್ನಿಗಲ್ಲ, ಕಣ್ಣಿಗೆ. ನೋಟ ಎರಡೂ ಅಂಚಿನಿಂದ ಮುಚ್ಚಿಕೊಳ್ಳುತ್ತಿದೆ, ಇನ್ನು ಗಾಡಿ ಮುಟ್ಟಬೇಡಿ ಅಂತ ಡಾಕ್ಟರು ಆಗಲೇ ಹೇಳಿದ್ದರು. ಹಗಲಲ್ಲಿ ಹೇಗೋ ಸುಧಾರಿಸಬಹುದು ಅಂತ ಮೇಷ್ಟ್ರು ಅಂದುಕೊಂಡಿದ್ದರು.

ಹಿಂದೆ ಕೂತಿದ್ದ ಸೇಲ್ಸ್‌ನವನು ಫೋನಿನ ನೆಪ ಮಾಡಿಕೊಂಡು ಇಳಿದ.

"ಕ್ಲಚ್ ಇಲ್ಲದ್ದು ತಗೊಳ್ಳೋಣ," ಅಂದರು ಮೇಷ್ಟ್ರು. "ನಾನು ಕಲಿಸ್ತೀನಿ ನಿಂಗೆ."

ಮೂವತ್ತು ವರ್ಷದ ಹಿಂದೆ ಆಕೆಯೇ ಬಾಯಿಬಿಟ್ಟು ಕೇಳಿದ್ದರು. ಮೇಷ್ಟ್ರು ಒಂದು ಬೆಳಗ್ಗೆ ಕರೆದುಕೊಂಡೂ ಹೋಗಿದ್ದರು. ನಾಲ್ಕು ರಸ್ತೆ ಸೇರುವಲ್ಲಿ ಗಾಡಿ ಮೂರು ಸಲ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಶಿಷ್ಯರನ್ನು ನಗಿಸಲು ಮೇಷ್ಟ್ರು, ನಿನ್ನ ಕಾಲು ಹೊಲಿಗೆ ಮೆಷಿನ್‌ಗಷ್ಟೇ ಲಾಯಕ್ಕು ಅಂದುಬಿಟ್ಟರು. ಶಿಷ್ಯರು ನಕ್ಕರು. ಆಕೆ ಇಳಿದು ಮನೆಗೆ ನಡೆದುಕೊಂಡು ಹೋದರು, ಮತ್ತೆಂದೂ ಕೇಳಲಿಲ್ಲ.

"ಅವತ್ತು ಕಾಲಿತ್ತು, ನೀವು ಕಲಿಸಲಿಲ್ಲ," ಅಂದರು ಆಕೆ ಈಗ. "ಇವತ್ತು ನೀವು ಕಲಿಸ್ತೀರಿ, ಕಾಲೆಲ್ಲಿದೆ ನಂಗೆ?"

ಅದೇ ಗಾಡಿ ತಗೊಂಡರು. ಡ್ರೈವರ್ ಇಡಲೇಬೇಕಾದ್ದರಿಂದ ಕ್ಲಚ್ ಇರುವುದನ್ನೇ ತಗೊಂಡರು, ಅದು ಅಗ್ಗ. ಮೇಷ್ಟ್ರ ಹಳೆಯ ಶಿಷ್ಯೆಯೊಬ್ಬಳು ಟ್ಯಾಕ್ಸಿ ಓಡಿಸುತ್ತಿದ್ದಳು. ತಿಂಗಳಿಗೊಂದು ಭಾನುವಾರ ಬರುತ್ತೇನೆಂದು ಒಪ್ಪಿಕೊಂಡಳು. ಅಷ್ಟರಲ್ಲಿ ಅಕ್ಕನ ಮಾತು ನಿಂತೇ ಹೋಗಿತ್ತು. ಮೇಷ್ಟ್ರು ಒಂದು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಅಕ್ಕತಂಗಿ ಕೂತು ಮಾತಾಡಬಹುದಿತ್ತು.

ಮೊದಲ ಭಾನುವಾರ ಹೆಂಡತಿ ಮುಂದೆ ಕೂತರು, ಮೇಷ್ಟ್ರು ಹಿಂದೆ. ಏರಿನಲ್ಲಿ ಸಾಲುಗಟ್ಟಿ ನಿಂತ ಗಾಡಿಗಳ ಮಧ್ಯೆ ಕಾರು ಒಂದಿಷ್ಟೂ ಹಿಂದಕ್ಕೆ ಜಾರದೆ ಹೊರಟಿತು. ಚೆನ್ನಾಗಿ ಓಡಿಸ್ತೀಯಮ್ಮ ಅಂದರು ಆಕೆ.

"ಎಲ್ಲ ಮೇಷ್ಟ್ರು ಕಲಿಸಿದ್ದಮ್ಮ," ಅಂದಳು ಅವಳು. "ಆಗ ನಾನು ಗಾರ್ಮೆಂಟ್ಸಲ್ಲಿದ್ದೆ, ಹೆದರಿಕೆ. ಹೊಲಿಗೆ ಮೆಷಿನ್ ತುಳಿದ ಕಾಲು ಕ್ಲಚ್ಚಿಗೆ ಹೇಳಿ ಮಾಡಿಸಿದ್ದು, ನಿಂಗೇ ಎಲ್ಲರಿಗಿಂತ ಬೇಗ ಬರುತ್ತೆ ಅಂದ್ರು."

"ಯಾವಾಗ ಅಂದ್ರು?"

"ಇಪ್ಪತ್ತು ವರ್ಷ ಆಯ್ತೇನೋಮ್ಮ."

ಹಿಂದಿನ ಸೀಟಿನಲ್ಲಿ ಮೇಷ್ಟ್ರ ಕಾಲು, ಅಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು. ಆಕೆ ತಿರುಗಿ ನೋಡಲಿಲ್ಲ. ಏರು ಮುಗಿಯುವವರೆಗೂ ಆ ಹೆಣ್ಣುಮಗಳ ಎಡಗಾಲನ್ನೇ ನೋಡುತ್ತ ಕೂತಿದ್ದರು.