ಬೆಲ್ಟು ನನ್ನ ಹೆಗಲ ಮೇಲಿತ್ತು

ದೆವ್ವ ಕಂಡೆ, ಶಕುನ ಫಲಿಸಿತು ಎಂದು ಯಾರಾದರೂ ಹೇಳಿದರೆ ಅವರ ಬೆವರಿಳಿಯುವಂತೆ ಪ್ರಶ್ನೆ ಕೇಳುವುದು ನನಗೊಂದು ಚಟವಾಗಿತ್ತು. ಹಿಂದೂಪುರದ ವರ್ಕ್‌ಶಾಪಿನಲ್ಲಿ ಎಂಜಿನ್ ಕೆಲಸ ಕಲಿತವನು ನಾನು. ಯಂತ್ರ ನಿಂತರೆ ಅದಕ್ಕೊಂದು ಕಾರಣವಿರುತ್ತದೆ, ಓಡಿದರೂ ಕಾರಣವಿರುತ್ತದೆ. ನನಗೆ ಗೊತ್ತಿದ್ದ ವೇದಾಂತ ಅಷ್ಟೇ. ಈಗ ಹೇಳುವ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಆದ್ದರಿಂದ ನೀವು ನಕ್ಕರೂ ನನಗೆ ಬೇಸರವಿಲ್ಲ.

ಅದು ಯುದ್ಧದ ಕಾಲ. ಎಂಜಿನ್ನಿಗೆ ಎಣ್ಣೆ ಸಿಗುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಿಲ್ಲು ಇಟ್ಟಿದ್ದ ಸಾಹುಕಾರರು, ಸ್ವೀಡನ್ ಎಂಬ ದೇಶದಲ್ಲಿ ಸೌದೆ, ಹೊಟ್ಟುಗಳಿಂದಲೇ ಕರೆಂಟು ತೆಗೆಯುತ್ತಾರಂತೆ ಎಂದು ಎಲ್ಲೋ ಕೇಳಿ, ಅಂಥದೇ ಒಂದು ಗ್ಯಾಸ್ ಪ್ಲಾಂಟು ತರಿಸಿದರು. ಅದನ್ನು ನೋಡಿಕೊಳ್ಳಲು ನಾನು ಹೋದೆ. ಕಡಲೆಕಾಯಿ ಸಿಪ್ಪೆಯನ್ನು ದೊಡ್ಡ ಒಲೆಯಲ್ಲಿ ಗಾಳಿ ಸಾಲದಂತೆ ಸುಟ್ಟರೆ ಬರುವ ಗ್ಯಾಸಿನಿಂದ ಎಂಜಿನ್ ಓಡುತ್ತಿತ್ತು. ಎಂಜಿನ್ನಿನ ಒಂದು ಬೆಲ್ಟು ಡೈನಮೋ ತಿರುಗಿಸುತ್ತಿತ್ತು. ಅದರ ಕರೆಂಟಿನಿಂದ ಮಿಲ್ಲಿನ ಆರು ಬಲ್ಬು ಉರಿಯುತ್ತಿದ್ದವು. ಕುಂದುರ್ಪಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ರೈತರು ಕಾಯಿ ಇಳಿಸುವುದನ್ನೂ ಮರೆತು ಬಲ್ಬು ನೋಡುತ್ತ ನಿಲ್ಲುತ್ತಿದ್ದರು. ನನಗೋ, ಸೂರ್ಯನನ್ನು ನಾನೇ ಹುಟ್ಟಿಸಿದಷ್ಟು ಜಂಭ.

ಒಂದು ಬಲ್ಬು ಸಿಪ್ಪೆ ತುಂಬಿಡುವ ಕೋಣೆಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ, ಬಾಗಿಲು ಹಾಕಿದರೆ ಹಗಲಲ್ಲೂ ಕಗ್ಗತ್ತಲೆ. ತೆರೆದಿಟ್ಟರೆ ಮೇಕೆಗಳು ನುಗ್ಗುತ್ತಿದ್ದವು. ಅದಕ್ಕೆ ನಾನೇ ಒಂದು ನಿಯಮ ಮಾಡಿದ್ದೆ. ಒಳಗೆ ಹೋಗುವವರು ಬಲ್ಬು ಹಾಕಬೇಕು, ಬರುವಾಗ ಆರಿಸಬೇಕು. ಬೆಳಕಿಲ್ಲದಿದ್ದರೆ ಒಳಗೆ ಯಾರೂ ಇಲ್ಲವೆಂದು ತಿಳಿದು ಹೊರಗಿನಿಂದ ಚಿಲಕ ಹಾಕಿಬಿಡಬೇಕು. ಸಿಪ್ಪೆ ಹೊರುವ ಓಬುಳಮ್ಮನಿಗೆ ಇದನ್ನು ಹತ್ತು ಸಲ ಹೇಳಿಕೊಟ್ಟಿದ್ದೆ. ಐವತ್ತು ದಾಟಿದ ಹೆಂಗಸು, ಹೇಳಿದ ಕೆಲಸ ಮರೆಯುವವಳಲ್ಲ.

ಆ ದಿನ ಮಧ್ಯಾಹ್ನ ಬೆಲ್ಟಿನ ಹೊಲಿಗೆ ಬಿಚ್ಚಿಕೊಂಡಿತು. ಎಂಜಿನ್ ನಿಲ್ಲಿಸಿ, ಬೆಲ್ಟು ಕಳಚಿ ಹೆಗಲಿಗೆ ಹಾಕಿಕೊಂಡು, ಪೇಟೆಯಲ್ಲಿ ಹೊಲಿಸಿಕೊಂಡು ಬರುತ್ತೇನೆಂದು ಎಲ್ಲರಿಗೂ ಹೇಳಿದೆ. ಕೆಲಸದವರು ಊಟಕ್ಕೆ ಹೊರಟರು. ಅಷ್ಟರಲ್ಲಿ, ಸಿಪ್ಪೆ ಕೋಣೆಯಿಂದ ಒಲೆಗೆ ಸಿಪ್ಪೆ ಸುರಿಯುವ ಕಿಂಡಿಯನ್ನು ಮುಚ್ಚಿಲ್ಲವೆಂದು ನೆನಪಾಯಿತು. ಒಲೆಯೊಳಗೆ ಇನ್ನೂ ಕೆಂಡವಿತ್ತು. ಕೋಣೆಗೆ ಹೋದೆ. ಕರೆಂಟಿಲ್ಲವೆಂದು ಗೊತ್ತಿದ್ದರೂ ಅಭ್ಯಾಸಬಲದಿಂದ ಕೈ ಸ್ವಿಚ್ಚು ಹಾಕಿತು. ನನ್ನ ಪೆದ್ದತನಕ್ಕೆ ನಾನೇ ನಕ್ಕೆ. ಬಾಗಿಲಿನಿಂದ ಬರುತ್ತಿದ್ದ ಬೆಳಕಿನಲ್ಲೇ ರಾಶಿಯ ಹಿಂದಕ್ಕೆ ಹೋಗಿ ಕಿಂಡಿಯತ್ತ ಬಗ್ಗಿದೆ. ರಾಶಿ ಜರಿದು ನನ್ನನ್ನು ಎದೆಯವರೆಗೆ ಮುಚ್ಚಿತು.

ಸಿಪ್ಪೆ ಹಗುರವಲ್ಲವೇ ಎನ್ನುತ್ತೀರಿ. ಒಂದು ಕಾಲು ಎತ್ತಲು ಹೋದರೆ ಮೇಲಿನಿಂದ ಇನ್ನಷ್ಟು ಇಳಿಯುತ್ತಿತ್ತು. ಬಲಗೈ ಮಾತ್ರ ಹೊರಗಿತ್ತು. ಆಗಲೇ ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದಾಯಿತು. ಕೂಗಲು ಬಾಯಿ ತೆರೆದರೆ ಧೂಳು ತುಂಬಿ ಕೆಮ್ಮು ಸಹ ಸರಿಯಾಗಿ ಬರಲಿಲ್ಲ. ನನ್ನ ನಿಯಮವನ್ನು ಓಬುಳಮ್ಮ ಚಾಚೂ ತಪ್ಪದೆ ಪಾಲಿಸಿದ್ದಳು.

ನಾನು ಪೇಟೆಯಲ್ಲಿದ್ದೇನೆಂದು ಎಲ್ಲರೂ ನಂಬಿದ್ದರು. ಸಂಜೆಯವರೆಗೆ ಯಾರೂ ಹುಡುಕುವಂತಿರಲಿಲ್ಲ. ಕಿಂಡಿ ತೆರೆದೇ ಇತ್ತು, ಒಲೆಯ ಗ್ಯಾಸು ಅದರಿಂದ ಕೋಣೆಗೆ ಬರುತ್ತಿತ್ತು. ಆ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ಮಿಲ್ಲಿನವರಿಗೆಲ್ಲ ಈ ಎಚ್ಚರಿಕೆ ಹೇಳುತ್ತಿದ್ದವನೂ ನಾನೇ. ತಲೆ ಸಿಡಿಯತೊಡಗಿದಾಗ ನಾಚಿಕೆ ಬಿಟ್ಟು ಅತ್ತೆ. ಅಮ್ಮನ ನೆನಪಾಯಿತು. ಸುತ್ತ ಎಂಥ ಕತ್ತಲೆಂದರೆ, ಮುಖದ ಮುಂದೆ ಹಿಡಿದ ಕೈ ನನಗೇ ಕಾಣುತ್ತಿರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ಸ್ವಲ್ಪ ಹೊತ್ತಿಗೆ ನಿದ್ದೆ ಬರತೊಡಗಿತು.

ಚಿಲಕ ತೆಗೆದ ಸದ್ದು ಕೇಳಿತು. ಬಿಸಿಲು ಒಳಗೆ ಬಂತು. ಓಬುಳಮ್ಮ ಎರಡೂ ಕೈಯಿಂದ ಸಿಪ್ಪೆ ಬಾಚಿ, ಕಂಕುಳಿಗೆ ಕೈ ಹಾಕಿ ನನ್ನನ್ನು ಹೊರಗೆ ಎಳೆದು, ಬೇವಿನ ಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಚಿಮುಕಿಸಿದಳು.

"ಅಯ್ಯೋ ದೇವುಡಾ, ಎಂಥ ಕೆಲ್ಸ ಮಾಡ್ಬುಟ್ಟೆ ನಾನು!"

"ಒಳಗೆ ಇದ್ದೀನಿ ಅಂತ ಹೆಂಗೆ ಗೊತ್ತಾಯ್ತು, ಓಬುಳಕ್ಕ?"

"ಮುದ್ದೆ ಉಂಡು ಬತ್ತಾ ಇದ್ದೆ ಕಣಪ್ಪ. ಬಾಗ್ಲ ಸಂದೀಲಿ ಬೆಳಕು ಕಾಣ್ತು. ಕಣ್ಣಿಟ್ಟು ನೋಡಿದ್ರೆ ತೊಲೆ ಮೇಲಿನ ಬಲ್ಬು ಉರೀತಾ ಐತೆ. ಒಳಗೆ ಯಾರೋ ಇರೋವಾಗ್ಲೇ ಚಿಲ್ಕ ಹಾಕ್ಬುಟ್ನಲ್ಲಾ ಅಂತ ನನ್ನ ಜೀವಾನೇ ಹೋದಂಗಾಯ್ತು."

ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಬೆಲ್ಟು ಇನ್ನೂ ನನ್ನ ಹೆಗಲ ಮೇಲಿತ್ತು.

ಸಾಹುಕಾರರು ಬಂದು ನೋಡಿದರು. ಬಲ್ಬು ಆರಿತ್ತು. ಎಂಜಿನ್ ನಿಂತಿತ್ತು, ಡೈನಮೋಗೆ ಬೆಲ್ಟೇ ಇರಲಿಲ್ಲ. ನಮ್ಮಲ್ಲಿ ಬ್ಯಾಟರಿ ಇರಲಿಲ್ಲ, ಊರಿಗೆ ಬೇರೆ ಕರೆಂಟೂ ಇರಲಿಲ್ಲ. ಗ್ಯಾಸು ತಲೆಗೇರಿದರೆ ಇಲ್ಲದ್ದೆಲ್ಲ ಕಾಣುತ್ತದೆ ಎಂದರು ನನ್ನನ್ನು ಪರೀಕ್ಷಿಸಿದ ಡಾಕ್ಟರು. ಇರಬಹುದು. ಆದರೆ ಗ್ಯಾಸು ಕುಡಿದವನು ನಾನು, ನನಗೇನೂ ಕಾಣಲಿಲ್ಲ. ಕಂಡದ್ದು ಹೊರಗೆ, ಒಳ್ಳೆಯ ಗಾಳಿಯಲ್ಲಿ ನಿಂತವಳಿಗೆ. ಕೆಂಡದ ಬೆಳಕೇ ಎಂದರೆ, ಕಿಂಡಿಯ ಪಕ್ಕದಲ್ಲೇ ಹೂತಿದ್ದ ನನಗೆ ಅದು ಮೊದಲು ಕಾಣಬೇಕಿತ್ತು. ಹೀಗೆ ಎಷ್ಟೋ ವರ್ಷ ನನ್ನನ್ನೇ ನಾನು ಬೆವರಿಳಿಯುವಂತೆ ಕೇಳಿಕೊಂಡಿದ್ದೇನೆ.

ಯುದ್ಧ ಮುಗಿದು ಎಣ್ಣೆ ಸಿಗತೊಡಗಿದ ಮೇಲೆ ಆ ಪ್ಲಾಂಟನ್ನು ಕಿತ್ತುಹಾಕಿದರು. ನಾನು ಹಿಂದೂಪುರಕ್ಕೆ ಮರಳಿದೆ. ಕಲ್ಯಾಣದುರ್ಗಕ್ಕೆ ಹೋದಾಗಲೆಲ್ಲ ಓಬುಳಮ್ಮನ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳುತ್ತಿದ್ದೆ. ಕೊನೆಯ ಸಲ ಅವಳು ರೇಗಿಬಿಟ್ಟಳು.

"ಎಷ್ಟ್ ಸಲ ಕೇಳ್ತೀಯಪ್ಪಾ? ಉರೀತಿತ್ತು ಅಂದ್ರೆ ಉರೀತಿತ್ತು. ಅದ್ರ ಕೆಳಗೇ ಇದ್ದೋನು ನೀನು. ನೀನೇ ನೋಡ್ಲಿಲ್ವಾ?"

ನಾನು ನೋಡಲಿಲ್ಲ. ನನ್ನನ್ನು ಬದುಕಿಸಿದ ಆ ಬೆಳಕು ನನಗೆ ಕಾಣಿಸಲೇ ಇಲ್ಲ. ನಾನಿದ್ದಲ್ಲಿ ಕತ್ತಲಿತ್ತು.