ರಾಚಮ್ಮ ಚಪ್ಪಟೆ ಮಾಡಿದ ಅಮೋನಿಯಾ

ಹಂಗಳದ ರಾಚಮ್ಮ ಗುಂಡ್ಲುಪೇಟೆಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಟೆಂಡರು. ಓದಿದ್ದು ಏಳನೇ ಕ್ಲಾಸು. ಆದರೆ ಹಳಬರಾದ ಗೋವಿಂದಯ್ಯ ಮೇಷ್ಟ್ರು ಪಾಠ ಮಾಡುವಾಗ ಗಾಜಿನ ಸಾಮಾನು ತೊಳೆಯುತ್ತಲೇ ಕಿವಿಗೊಟ್ಟು ಕೇಳಿದವಳು. ಜೇಡಿಮಣ್ಣಿನ ಉಂಡೆಗೆ ಪೊರಕೆಕಡ್ಡಿ ಚುಚ್ಚಿ ಅವರಿಗೆ ಅಣುಗಳ ಮಾದರಿ ಮಾಡಿಕೊಡುತ್ತಿದ್ದಳು. ಎಲೆಕ್ಟ್ರಾನ್ ಜೋಡಿಗಳೆಂದರೆ ಒಬ್ಬರಿಗೊಬ್ಬರು ಆಗದ ವಾರಗಿತ್ತಿಯರು, ಆದಷ್ಟು ದೂರ ಸರಿದು ಕೂರುತ್ತವೆ, ಅಣುವಿಗೆ ಆಕಾರ ಬರುವುದೇ ಆ ಜಗಳದಿಂದ ಎಂಬುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು.

ಗೋವಿಂದಯ್ಯ ರಿಟೈರಾದ ಮೇಲೆ ಬಂದವರು ಗುರುಪಾದಸ್ವಾಮಿ. ಗೈಡು ನೋಡಿ ಪಾಠ ಒಪ್ಪಿಸುವ ಮಹಾಶಯರು. ಹೋದ ವರ್ಷ ಚಾಮರಾಜನಗರದ ವಿಜ್ಞಾನ ಪ್ರದರ್ಶನದಲ್ಲಿ ರಾಚಮ್ಮನ ಮಾದರಿಗಳನ್ನೇ ತಮ್ಮದೆಂದು ಇಟ್ಟು, ಮೊದಲ ಬಹುಮಾನ ಹೊಡೆದುಕೊಂಡು ಬಂದರು.

"ನನ್ ಎಸ್ರೂ ಒಂದ್ ಮಾತು ಏಳ್ಬೋದಿತ್ತು ಸಾ" ಎಂದಳು ರಾಚಮ್ಮ.

"ಗ್ಲಾಸ್ ತೊಳೆಯೋರಿಗೆಲ್ಲ ಹೆಸರ್ಯಾಕಮ್ಮ?" ಎಂದು ನಕ್ಕರು.

ಹೊಟ್ಟೆಗೆ ಬೆಂಕಿ ಬಿತ್ತು. ವರ್ಷವಿಡೀ ಅವಳು ಅದನ್ನು ಆರಗೊಡಲಿಲ್ಲ.

ಈ ವರ್ಷ ಪ್ರದರ್ಶನಕ್ಕೆ ಅಮೋನಿಯಾ ಅಣುವಿನ ಮಾದರಿ ಮಾಡೆಂದು ಅಪ್ಪಣೆಯಾಯಿತು. ಅಮೋನಿಯಾದಲ್ಲಿ ನಡುವಿನ ನೈಟ್ರೋಜನ್ ಸುತ್ತ ನಾಲ್ಕು ಜೋಡಿ ಎಲೆಕ್ಟ್ರಾನು. ಮೂರಕ್ಕೆ ಒಂದೊಂದು ಹೈಡ್ರೋಜನ್ ಗಂಟುಬಿದ್ದಿರುತ್ತದೆ, ನಾಲ್ಕನೆಯದು ಒಂಟಿ. ಒಂಟಿಯೆಂದು ಸುಮ್ಮನಿರುವ ಜಾಯಮಾನ ಅದರದಲ್ಲ. ಮೇಲೆ ಕೂತು ಮೂರನ್ನೂ ಕೆಳಕ್ಕೆ ದಬ್ಬಿ ಅಣುವನ್ನು ಮುಕ್ಕಾಲಿಯಂತೆ ನಿಲ್ಲಿಸುತ್ತದೆ. ರಾಚಮ್ಮ ಬೇಕೆಂದೇ ಆ ನಾಲ್ಕನೆಯದನ್ನು ಕೈಬಿಟ್ಟಳು. ಮೂರು ಕಡ್ಡಿಗಳನ್ನು ಫ್ಯಾನಿನ ರೆಕ್ಕೆಯಂತೆ ಚಪ್ಪಟೆಯಾಗಿ ಚುಚ್ಚಿ, ಚೆಂದದ ಬಣ್ಣ ಬಳಿದಳು. ಸಿಕ್ಕಿಬಿದ್ದರೆ ಕೆಲಸಕ್ಕೆ ಕುತ್ತು. ಹೋದರೆ ಹೋಗಲಿ, ಚೆಂಡುಹೂ ಬಿಡಿಸಲು ಕೂಲಿಗೆ ಹೋದರಾಯಿತು ಎಂದುಕೊಂಡಳು. ಬಣ್ಣ ನೋಡಿ ಗುರುಪಾದಸ್ವಾಮಿ "ಭೇಷ್" ಎಂದರು.

ಪ್ರದರ್ಶನದಲ್ಲಿ ತೀರ್ಪುಗಾರ ಮೇಡಂ ಅದನ್ನು ಕೈಗೆತ್ತಿಕೊಂಡರು. "ಅಮೋನಿಯಾ ಯಾವಾಗ ಚಪ್ಪಟೆ ಆಯ್ತು ಸ್ವಾಮಿ? ಒಂಟಿ ಜೋಡಿ ಎಲ್ಲಿ?"

ಅಕ್ಕಪಕ್ಕದ ಕಾಲೇಜುಗಳ ಮೇಷ್ಟ್ರುಗಳು ಕಿಸಕ್ಕನೆ ನಕ್ಕರು. ಗುರುಪಾದಸ್ವಾಮಿ ಬೆವರಿಹೋದರು. ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ!

"ನಾನು ಮಾಡಿದ್ದಲ್ಲ ಮೇಡಂ. ನಮ್ಮ ಅಟೆಂಡರ್ ರಾಚಮ್ಮ ಮಾಡಿದ್ದು."

ಪೆಟ್ಟಿಗೆ ಹೊತ್ತು ಬಂದು ಹಿಂದೆ ನಿಂತಿದ್ದ ರಾಚಮ್ಮ ಈ ಮಾತಿಗೇ ಕಾದಿದ್ದಳು. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಊಂ ಮೇಡಮ್ಮಾರೆ, ನಾನೇ ಮಾಡಿದ್ದು. ಓದ್ ವರ್ಸ ಇವ್ರು ಬವುಮಾನ ಈಸ್ಕೊಂಡ್ರಲ್ಲ, ಅದ್ನೂ ನಾನೇ ಮಾಡಿದ್ದು. ಅದು ಸರ್ಯಾಗಿತ್ತು. ಇದ ಬೇಕಂತ್ಲೇ ಕೆಡಿಸ್ದೆ, ಇವ್ರಿಗೆ ಗೊತ್ತಾಯ್ತದಾ ನೋಡನ ಅಂತ."