ಕೆಳಗಿನ ಕಿಂಡಿ

ಗುಡುಗು ಕೇಳಿದ ಕೂಡಲೇ, ಸಿಡಿಲಿಗೆ ಸುಟ್ಟುಹೋಗದಂತೆ ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತುಬಿಡಬೇಕು. ವನಗೂರಿನ ಆಚೆ ನಾನು ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿರುವ ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಇದು ಕಾಯಂ ಕಾನೂನು. ನಾನು ತೋಟದಲ್ಲಿದ್ದರೆ ಆ ಕೆಲಸ ಕಸ ಗುಡಿಸುವ ಅಕ್ಕನದು. ಕೂಲಿಯಾಳುಗಳ ಸಾಲುಮನೆಯಾದ ಲೈನಿನಲ್ಲಿರುವ ಅವರಿಗೆ ಮಂಡಿ ನೋವು. ತೋಟದ ಏರು ಹತ್ತಲಾರರೆಂದೇ ಆಫೀಸಿನ ಕೆಲಸ ಕೊಟ್ಟಿದ್ದರು.

ಈ ವರ್ಷದ ಮೊದಲ ಗುಡುಗು ಮಧ್ಯಾಹ್ನ ಬಂತು. ನಾನು ತೊಯ್ದುಕೊಂಡು ಬರುವಷ್ಟರಲ್ಲಿ ಅಕ್ಕ ಎಲ್ಲ ಕಿತ್ತಿಟ್ಟು ಮನೆಗೆ ಹೋಗಿದ್ದರು. ಮರುದಿನ ಬರಲಿದ್ದ ಎಸ್ಟೇಟಿನ ಮಾಲೀಕರು, ನಮ್ಮ ಸಾಹುಕಾರರು, ಹಿಂದಿನ ವರ್ಷಗಳ ಮಳೆ ದಾಖಲೆ ನೋಡಬೇಕೆಂದಿದ್ದರು. ಅದೆಲ್ಲ ಇರುವುದು ನಮ್ಮ ಮುದಿ ಕಂಪ್ಯೂಟರಿನಲ್ಲಿ. ಮೇಜಿನ ಹಿಂದೆ ಬಗ್ಗಿ, ಗೊಣಗುತ್ತಲೇ ಒಂದೊಂದು ವೈರನ್ನೂ ಸಿಕ್ಕಿಸಿದೆ. ಮಾನಿಟರಿನ ಕೇಬಲ್ ಹಾಕುವ ಕಿಂಡಿಗೆ ಯಾರೋ ಟೇಪ್ ಅಂಟಿಸಿದ್ದರು, ಕಿತ್ತೆಸೆದೆ. ಸಿಪಿಯು ಗುಂಯ್ ಎಂದಿತು. ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’ ಎಂಬ ಡಬ್ಬಿ ಆ ಮೂಲೆಯಿಂದ ಈ ಮೂಲೆಗೆ ತೇಲಾಡತೊಡಗಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಫ್ ಮಾಡಿದೆ, ಆನ್ ಮಾಡಿದೆ. ಮುಚ್ಚಳ ಬಿಚ್ಚಿ ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದೆ. ಮಾನಿಟರಿನ ಬೆನ್ನಿಗೆ ಎರಡು ಬಿಟ್ಟೆ. ಬಾಗಿಲವರೆಗೆ ಹೋಗಿ ಬಂದು ನೋಡಿದೆ. ಡಬ್ಬಿ ತೇಲುತ್ತಲೇ ಇತ್ತು. ಅಷ್ಟರಲ್ಲಿ, ಮರೆತುಹೋಗಿದ್ದ ಕೊಡೆ ತೆಗೆದುಕೊಳ್ಳಲು ಅಕ್ಕ ಬಂದರು.

“ಕೇಬಲ್‌ನ ಎಳ್ದು ಕಿತ್ತು ಹಾಳ್ ಮಾಡ್ಬುಟ್ಟಿದ್ದೀಯಲ್ಲ!” ಎಂದು ಕೂಗಿದೆ.

“ಎಳ್ದಿಲ್ಲ ಕಣ್ರೀ ರೈಟ್ರೇ. ಎರಡೂ ಕಡೆ ಸ್ಕ್ರೂ ತಿರುವೇ ತೆಗ್ದಿದ್ದು.”

“ಬಾಯಿ ಮುಚ್ಚು,” ಎಂದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಅವರೆದುರಿಗೇ ಸಾಹುಕಾರರಿಗೆ ಫೋನ್ ಮಾಡಿ ದೂರು ಹೇಳಿದೆ.

“ಹಂಗಾದ್ರೆ ನಾಳೆಯಿಂದ ಅವಳನ್ನ ತೋಟದ ಕೆಲ್ಸಕ್ಕೆ ಹಾಕ್ಬುಡು,” ಎಂದರು ಸಾಹುಕಾರರು. ಅಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಆಮೇಲೆ ಸಕಲೇಶಪುರದ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

“ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದ್ದೀರಿ, ಮೇಲಕ್ಕೋ ಕೆಳಕ್ಕೋ?”

“ಮೇಲಕ್ಕೆ.”

“ಅಯ್ಯೋ ಮಾರಾಯ್ರೇ! ಮೇಲಿಂದು ಹೋದ್ವರ್ಷನೇ ಸಿಡ್ಲಿಗೆ ಸುಟ್ಟೋಗೈತೆ. ಅದಕ್ಕೇ ಅಲ್ವಾ ಕೆಳಗಡೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಕೂರ್ಸಿ, ಮೇಲಿಂದಕ್ಕೆ ಟೇಪ್ ಅಂಟ್ಸಿದ್ದು? ನಿಮ್ಮೆದುರಿಗೇ ಅಂಟ್ಸಿದ್ನಲ್ಲ!”

ಕೆಳಗಿನ ಕಿಂಡಿಗೆ ಹಾಕಿದೆ. ಪರದೆ ಬೆಳಗಿತು. ಮಳೆ ದಾಖಲೆ ಇದ್ದಲ್ಲೇ ಇತ್ತು. ತೆರೆದು ನೋಡಲು ಮನಸ್ಸು ಬರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಲೈನಿಗೆ ನಡೆದೆ, ನಡೆದೆ ಅನ್ನುವುದೇನು, ಓಡಿದೆ. ಅಕ್ಕನ ಬಾಗಿಲಲ್ಲಿ ನಿಂತೇ ಸಾಹುಕಾರರಿಗೆ ಮತ್ತೆ ಫೋನ್ ಮಾಡಿ, ತಪ್ಪು ನನ್ನದು, ಅಕ್ಕ ಆಫೀಸಿನಲ್ಲೇ ಇರಲಿ ಎಂದೆ. ಅವರು ನನಗೆ ಚೆನ್ನಾಗಿ ಉಗಿದು ಒಪ್ಪಿದರು.

“ತಪ್ಪಾಯ್ತಕ್ಕ. ಕೇಬಲ್‌ನ ನಾನೇ ಮೇಲಕ್ಕೆ ಹಾಕ್ಬುಟ್ಟಿದ್ದೆ,” ಎಂದೆ.

“ನಾನು ಕಿತ್ತಿದ್ದು ಕೆಳಗಿಂದ್ರಿಂದ ಕಣ್ರೀ,” ಎಂದರು ಅಕ್ಕ. “ಕೇಳಿದ್ರೆ ಹೇಳ್ತಿದ್ನಲ್ಲ.”

ಮರುದಿನ ಎಂದಿನಂತೆ ಬಂದು ಗುಡಿಸಿದರು. ಎಲ್ಲ ಸರಿಹೋಯಿತು ಅಂದುಕೊಂಡೆ.

ಮೊನ್ನೆ ಮತ್ತೆ ಗುಡುಗಿತು. ನಾನು ಆಫೀಸಿನಿಂದ ದೂರ, ಏರಿನ ಮೇಲಿನ ಕಣದಲ್ಲಿ ಒಣಗಿಸಿದ್ದ ಮೆಣಸು ಬಾಚಿಸುತ್ತಿದ್ದೆ. ಕೈಗಳಿಂದ ಮಂಡಿ ಒತ್ತಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಟ್ಟು ಅಕ್ಕ ಆ ಏರು ಹತ್ತಿ ಬಂದರು.

“ಗುಡುಗ್ತೈತೆ ರೈಟ್ರೇ,” ಎಂದರು. “ನೀವೇ ಬಂದು ಕಿತ್ಕಳಿ.”